ರೀಸ್ಟಾರ್ಟ್ ಆಗುವ ಕಂಪ್ಯೂಟರ್‌ಗೆ ಫಾರ್ಮ್ಯಾಟ್ ಒಂದೇ ಮದ್ದಲ್ಲ

ಮಾನ್ಯ ಸಂಪಾದಕರೇ,

ಕೆಲಸ ಮಾಡ್ತಾ ಇರುವಾಗಲೇ ಕಂಪ್ಯೂಟರ್ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗುತ್ತಿದೆ ಎಂದು ಪೇಟೆಯ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದರೆ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ. ‘ವೈರಸ್ ಸರ್, ಫಾರ್ಮ್ಯಾಟ್ ಹೊಡೀಬೇಕು.’ ಅಂದರೆ ಡಿಸ್ಕಿನಲ್ಲಿರುವುದನ್ನು ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಮುಚ್ಚಳ ಬಿಚ್ಚಿ ನೋಡುವುದಿಲ್ಲ. ಯಾವ ಹೊತ್ತಿಗೆ ಆಗುತ್ತದೆ, ಏನು ಮಾಡುವಾಗ ಆಗುತ್ತದೆ ಎಂದು ಕೇಳುವುದಿಲ್ಲ. ಕೌಂಟರ್ ಮೇಲೆ ಇಡುವುದೇ ತಡ, ತೀರ್ಪು ಬಂದಾಯ್ತು. ಎಲ್ಲಾ ಅಂಗಡಿಯವರೂ ಹೀಗೆ ಅಂತಲ್ಲ. ಆದರೆ ಹೀಗೆ ಮಾಡುವವರು ಜಾಸ್ತಿ ಇದ್ದಾರೆ. ಹಣ ಕೊಟ್ಟು, ಫೈಲು ಕಳೆದುಕೊಂಡು, ಅದೇ ತೊಂದರೆಯನ್ನು ಮನೆಗೆ ವಾಪಸ್ ತರುವವರು ನಾವು.

ನಾನು ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವನು. ಚೆಕ್‌ರೋಲು (ಆಳುಗಳ ಹಾಜರಿ), ಬಟವಾಡೆ (ಕೂಲಿ ಹಂಚಿಕೆ), ಗೊಬ್ಬರದ ಸ್ಟಾಕು, ಕಾಫಿ ಮಾರಿದ ಬಿಲ್ಲು, ಎಲ್ಲವೂ ಆಫೀಸಿನ ಹಳೇ ಡೆಸ್ಕ್‌ಟಾಪ್‌ನಲ್ಲಿದೆ. ಬ್ರ್ಯಾಂಡೆಡ್ ಅಲ್ಲ, ಅಸೆಂಬಲ್ ಮಾಡಿಸಿದ್ದು. ಟ್ಯಾಲಿ, ಎಕ್ಸೆಲ್, ನುಡಿ, ಮೇಲ್, ಇಷ್ಟಕ್ಕೆ ಅದು ಧಾರಾಳವಾಗಿ ಸಾಕು. ಈ ಮಷೀನು ಒಂದು ಡಿಸೆಂಬರ್‌ನಲ್ಲಿ, ಕೊಯ್ಲು ಜೋರಾಗಿರುವಾಗ, ರೀಸ್ಟಾರ್ಟ್ ಆಗಲು ಶುರು ಮಾಡಿತು. ಬಟವಾಡೆ ಹಿಂದಿನ ಸಂಜೆ ಆಳುಗಳ ಲೆಕ್ಕ ಹಾಕಿ ಸೇವ್ ಮಾಡುವಷ್ಟರಲ್ಲಿ ಸ್ಕ್ರೀನ್ ಕಪ್ಪಗಾಗಿ, ಮತ್ತೆ ಮೊದಲಿನಿಂದ ವಿಂಡೋಸ್ ಏಳುವುದನ್ನು ನೋಡುತ್ತಾ ಕೂತವರಿಗೇ ಗೊತ್ತು ಆ ಸಂಕಟ.

ಚಿಕ್ಕಮಗಳೂರಿನ ಒಂದು ಅಂಗಡಿಗೆ ಕೊಟ್ಟೆವು. ಫಾರ್ಮ್ಯಾಟ್ ಆಯಿತು. ಟ್ಯಾಲಿಯ ಬ್ಯಾಕಪ್ ಪೆನ್‌ಡ್ರೈವ್‌ನಲ್ಲಿತ್ತು, ಬಚಾವ್. ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದ ಹಳೇ ಪತ್ರಗಳು ಹೋದವು. ‘ಡಿ ಡ್ರೈವ್‌ನಲ್ಲಿ ಇಟ್ಟಿದ್ರೆ ಉಳೀತಿತ್ತು ಸರ್’ ಎಂದು ಹುಡುಗ ನನಗೇ ಬುದ್ಧಿ ಹೇಳಿದ. ತೋಟಕ್ಕೆ ತಂದು ಜೋಡಿಸಿದ ದಿನವೇ ಸಂಜೆ ಮತ್ತೆ ರೀಸ್ಟಾರ್ಟ್. ಇನ್ನೊಂದು ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ ಎಂದರು. ಆದರೆ ಅವರದೇ ಅಂಗಡಿಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಹಾಕಿಟ್ಟರೂ ಅದು ಒಂದು ಸಲವೂ ರೀಸ್ಟಾರ್ಟ್ ಆಗಿರಲಿಲ್ಲ. ಅದನ್ನು ಅವರೇ ಹೇಳಿದ್ದು! ಅಂಗಡಿಯಲ್ಲಿ ಸರಿ ಇರುವ ಬೋರ್ಡು ತೋಟದಲ್ಲಿ ಹೇಗೆ ಕೆಡುತ್ತದೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಇಲ್ಲೇ ಇರುವುದು ಮುಖ್ಯ ಸುಳಿವು. ಅಂಗಡಿಯಲ್ಲಿ ಸುಮ್ಮನಿದ್ದು ಮನೆಯಲ್ಲಿ ಮಾತ್ರ ರೀಸ್ಟಾರ್ಟ್ ಆದರೆ, ಮೊದಲು ಅನುಮಾನ ಪಡಬೇಕಾದ್ದು ಕಂಪ್ಯೂಟರ್ ಮೇಲಲ್ಲ, ಗೋಡೆಯ ಮೇಲೆ. ಸಾಕೆಟ್, ಯುಪಿಎಸ್, ವೈರಿಂಗ್, ಅರ್ಥಿಂಗ್. ಇವುಗಳಲ್ಲಿ ಯಾವುದೂ ಅಂಗಡಿಗೆ ಹೋಗುವುದಿಲ್ಲ, ಅಲ್ವಾ?

ಆಮೇಲೆ ಪ್ರತಿ ಸಲ ರೀಸ್ಟಾರ್ಟ್ ಆದಾಗ ಗಡಿಯಾರ ನೋಡಿ ಚೆಕ್‌ರೋಲಿನ ಅಂಚಿನಲ್ಲಿ ಹೊತ್ತು ಬರೆದಿಟ್ಟೆ. ಬೆಳಿಗ್ಗೆ ಒಂದೂ ಇಲ್ಲ. ಕೊಯ್ಲಿಲ್ಲದ ರಜಾ ದಿನ ಇಲ್ಲ. ಇದ್ದದ್ದೆಲ್ಲಾ ಸಂಜೆ, ಆಳುಗಳು ಹಣ್ಣು ಅಳೆಸಿ ಹೋದ ಮೇಲೆ. ಆ ಪಟ್ಟಿಯನ್ನು ತೋಟದ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ನೋಡಿದವರೇ ನಕ್ಕರು. ‘ರೈಟರೇ, ಇದು ಪಲ್ಪರ್ ಹಾಕೋ ಟೈಮು!’

ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಅರೇಬಿಕಾ ಜಾತಿಯ ಕಾಫಿ ಹಣ್ಣನ್ನು ಕೊಯ್ದ ದಿನವೇ ಪಲ್ಪರ್‌ಗೆ ಹಾಕಬೇಕು, ಇಲ್ಲದಿದ್ದರೆ ಹುಳಿ ಬರಲು ಶುರುವಾಗುತ್ತದೆ. ಹಾಗಾಗಿ ಸಂಜೆ ಮೋಟರ್ ಓಡಲೇಬೇಕು. ನಮ್ಮದು ಏಳೂವರೆ ಎಚ್‌ಪಿ ಮೋಟರ್, ಸ್ವಿಚ್ ಒತ್ತಿದರೆ ನೇರವಾಗಿ ಲೈನಿಗೆ ಕೂಡುವ ಸ್ಟಾರ್ಟರ್. ಹೀಗೆ ಶುರುವಾಗುವ ಮೋಟರ್ ಮೊದಲ ಕ್ಷಣಗಳಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ತೋಟದ ಆಚೆ ತುದಿಯಲ್ಲಿದೆ, ಮಧ್ಯೆ ಉದ್ದದ ಲೈನು. ಆಫೀಸಿಗೆ ಬಂದಿರುವುದೂ ಅದೇ ಲೈನಿನ ಒಂದು ಫೇಸ್. ಮೋಟರ್ ಎಳೆದಾಗ ಇಲ್ಲಿ ವೋಲ್ಟೇಜ್ ಕುಸಿಯುತ್ತದೆ. ಬಲ್ಬು ಒಂದು ಗಳಿಗೆ ಮಂಕಾಗುತ್ತಿದ್ದದ್ದು ನಮಗೆಲ್ಲಾ ಗೊತ್ತಿತ್ತು. ತೋಟದಲ್ಲಿ ಅದನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ?

ಬಲ್ಬು ಮಂಕಾಗಿ ಮತ್ತೆ ಉರಿಯುತ್ತದೆ. ಕಂಪ್ಯೂಟರ್ ಹಾಗಲ್ಲ. ಒಳಗಿರುವ ಎಸ್‌ಎಂಪಿಎಸ್ ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿ ಬೋರ್ಡಿಗೆ ಕೊಡುತ್ತದೆ. ಕರೆಂಟ್ ಪೂರ್ತಿ ತಪ್ಪಿದರೆ, ಲೋಡ್ ತುಂಬಾ ಇದ್ದಾಗ, ಒಳ್ಳೆಯ ಎಸ್‌ಎಂಪಿಎಸ್ ತಡೆದುಕೊಳ್ಳುವುದು 16–17 ಮಿಲಿಸೆಕೆಂಡ್. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತಿಗೇ 20 ಮಿಲಿಸೆಕೆಂಡ್ ಬೇಕು. ಅಗ್ಗದ ಎಸ್‌ಎಂಪಿಎಸ್ ಆದರೆ ಅಷ್ಟೂ ತಡೆಯುವುದಿಲ್ಲ. ತನ್ನ ವೋಲ್ಟೇಜ್ ಸರಿ ಇದೆ ಎಂದು ಬೋರ್ಡಿಗೆ ಅದು ಸದಾ ಒಂದು ಸಿಗ್ನಲ್ ಕೊಡುತ್ತಿರುತ್ತದೆ. ಆ ಸಿಗ್ನಲ್ ಒಮ್ಮೆ ತಪ್ಪಿ ಮತ್ತೆ ಬಂದರೆ ಬೋರ್ಡು ಮೊದಲಿನಿಂದ ಶುರು ಮಾಡುತ್ತದೆ. ವಿಂಡೋಸ್‌ಗೆ ವಿಷಯ ಗೊತ್ತಾಗುವಷ್ಟು ಸಮಯವೂ ಇರುವುದಿಲ್ಲ.

ಹಾಗಾದರೆ ಯುಪಿಎಸ್ ಯಾಕೆ ಇಟ್ಟಿದ್ದೀರಿ ಎಂದು ನೀವು ಕೇಳಬಹುದು. ನಾವೂ ಕೇಳಿದೆವು. ಎಲೆಕ್ಟ್ರಿಷಿಯನ್ ಮೇಜಿನ ಕೆಳಗೆ ಕೂತು, ಪಲ್ಪರ್ ಹಾಕುವಂತೆ ಮೇಸ್ತ್ರಿಗೆ ಫೋನ್ ಮಾಡಿದರು. ಮೋಟರ್ ಗುಂಯ್ ಎಂದಿತು, ಯುಪಿಎಸ್ ಒಳಗೆ ಲೈನ್ ಬದಲಾಯಿಸುವ ಸ್ವಿಚ್ಚು, ಅಂದರೆ ರಿಲೇ, ‘ಟಕ್’ ಎಂದಿತು, ಸ್ಕ್ರೀನ್ ಹೋಯಿತು. ಮತ್ತೊಂದು ‘ಟಕ್’, ಕಂಪ್ಯೂಟರ್ ಮೊದಲಿನಿಂದ ಶುರು. ವೋಲ್ಟೇಜ್ ಬಿದ್ದ ಕೂಡಲೇ ಯುಪಿಎಸ್ ತನ್ನ ಕೆಲಸ ಮಾಡಿತ್ತು, ಬ್ಯಾಟರಿಗೆ ಬದಲಾಗಿತ್ತು. ಆದರೆ ಬ್ಯಾಟರಿಯಲ್ಲಿ ಜೀವವೇ ಇರಲಿಲ್ಲ. ಈ ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್ ಅವರ್‌ನ ಬ್ಯಾಟರಿ. ಅದರ ಆಯಸ್ಸು ಎರಡು ಮೂರು ವರ್ಷ. ಹಸಿರು ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಅಂತ ಅರ್ಥವಲ್ಲ. ಸತ್ತ ಬ್ಯಾಟರಿಯ ಯುಪಿಎಸ್ ಇಟ್ಟುಕೊಳ್ಳುವುದಕ್ಕಿಂತ ಯುಪಿಎಸ್ ಇಲ್ಲದಿರುವುದೇ ಮೇಲು. ಎಸ್‌ಎಂಪಿಎಸ್ ತಾನೇ ತಡೆದುಕೊಳ್ಳಬಹುದಾಗಿದ್ದ ಸಣ್ಣ ಕುಸಿತಕ್ಕೂ ಇದು ಬ್ಯಾಟರಿಗೆ ಬದಲಾಗಿ ಕೈಕೊಡುತ್ತದೆ.

ಇದನ್ನು ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ಕಂಪ್ಯೂಟರ್ ಶಟ್‌ಡೌನ್ ಮಾಡಿ, ಅದರ ವೈರ್ ಯುಪಿಎಸ್‌ನಿಂದ ತೆಗೆಯಿರಿ. ಆ ಜಾಗಕ್ಕೆ 60 ವ್ಯಾಟಿನ ಹಳೇ ಗುಂಡು ಬಲ್ಬು ಇರುವ ಟೇಬಲ್ ಲ್ಯಾಂಪ್ ಹಾಕಿ. ಗೋಡೆಯ ಸ್ವಿಚ್ ಆಫ್ ಮಾಡಿ. ಬಲ್ಬು ಕೆಲವು ನಿಮಿಷ ಉರಿಯಬೇಕು. ನಮ್ಮದು ಫಕ್ಕನೆ ಆರಿಹೋಯಿತು. ಹೊಸ ಬ್ಯಾಟರಿಗೆ ಸಾವಿರ ರೂಪಾಯಿ ಆಸುಪಾಸು. ಹೊಸ ಮದರ್‌ಬೋರ್ಡಿಗೆ ಹೇಳಿದ್ದ ರೇಟು ಇಲ್ಲಿ ಬರೆಯುವುದಿಲ್ಲ, ಬಿಡಿ.

ಬ್ಯಾಟರಿ ಜೊತೆಗೆ ಎಲೆಕ್ಟ್ರಿಷಿಯನ್ ಇನ್ನೂ ಕೆಲವು ಕೆಲಸ ಮಾಡಿದರು. ಪಲ್ಪರ್‌ಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿಸಿದರು. ಅದರಲ್ಲಿ ಮೋಟರ್ ಶುರುವಾಗುವಾಗ ಲೈನಿನಿಂದ ಎಳೆಯುವ ಕರೆಂಟ್ ಮೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಸಾಹುಕಾರರು ಮೊದಲು ಗೊಣಗಿದರು, ಮೋಟರ್‌ಗೂ ಒಳ್ಳೆಯದು ಎಂದ ಮೇಲೆ ಒಪ್ಪಿದರು. ಆಫೀಸಿನ ಸಾಕೆಟ್ ಬಿಚ್ಚಿದಾಗ ನ್ಯೂಟ್ರಲ್ ವೈರಿನ ಸ್ಕ್ರೂ ಸಡಿಲವಾಗಿತ್ತು. ವೈರಿನ ತುದಿ ಕಂದಿ ಕಪ್ಪಾಗಿತ್ತು, ಹತ್ತಿರ ಹೋದರೆ ಸುಟ್ಟ ವಾಸನೆ. ಪ್ಲಗ್ಗನ್ನು ಸ್ವಲ್ಪ ಅಲುಗಾಡಿಸಿದರೆ ಚಿಟಚಿಟ ಸದ್ದು ಬರುತ್ತಿದ್ದರೆ ಕಾರಣ ಹೆಚ್ಚಾಗಿ ಇದೇ. ಇದನ್ನು ಮಾತ್ರ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ಮೇನ್ ಆಫ್ ಮಾಡಿಸಿ.

ಇನ್ನು ಅರ್ಥಿಂಗ್. ಸಿಪಿಯು ಡಬ್ಬದ ತಗಡು ಮುಟ್ಟಿದರೆ ಕೈ ಜುಮ್ ಎನ್ನುತ್ತಿತ್ತು. ಎಲ್ಲರೂ ‘ಸ್ವಲ್ಪ ಶಾಕ್ ಹೊಡೆಯುತ್ತೆ, ಅಭ್ಯಾಸ ಆಗುತ್ತೆ’ ಅನ್ನುವವರೇ. ಅದು ಅಭ್ಯಾಸ ಮಾಡಿಕೊಳ್ಳುವ ವಿಷಯವಲ್ಲ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗದ್ದಲ ಸೋಸುವ ಸಣ್ಣ ಕೆಪಾಸಿಟರ್‌ಗಳು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ತಗಡಿಗೆ ಕೂಡಿರುತ್ತವೆ. ಅರ್ಥ್ ವೈರ್ ಇದ್ದರೆ ಅದರಿಂದ ಸೋರುವ ಚೂರು ಕರೆಂಟ್ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ತಗಡಿನಲ್ಲಿ ಅರ್ಧದಷ್ಟು ವೋಲ್ಟೇಜ್ ನಿಂತಿರುತ್ತದೆ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿದವರ ಮನೆಯಲ್ಲೂ ಆಗುವುದು ಇದೇ. ಅರ್ಥ್ ಇಲ್ಲದಿದ್ದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿಯೇ ತೀರುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಒಳಗೆ ಎಲ್ಲಾದರೂ ಫೇಸ್ ತಗಡಿಗೆ ತಾಗಿದ ದಿನ ಫ್ಯೂಸ್ ಹೋಗುವ ಬದಲು ಮುಟ್ಟಿದವರ ಜೀವ ಹೋಗಬಹುದು. ನಮ್ಮ ಆಫೀಸಿನ ಹಿಂದೆ ಇದ್ದಿಲು, ಉಪ್ಪು ಹಾಕಿ ಮಾಡಿದ ಅರ್ಥಿಂಗ್ ಗುಂಡಿ ಸರಿಯಾಗಿಯೇ ಇತ್ತು. ಅಲ್ಲಿಂದ ಬರುವ ವೈರ್ ಮಾತ್ರ ಯಾವುದೋ ಕಾಲದಲ್ಲಿ ಗುದ್ದಲಿ ಏಟಿಗೆ ತುಂಡಾಗಿತ್ತು.

ಇಷ್ಟೆಲ್ಲಾ ಆದ ಮೇಲೆ ಕೊಯ್ಲು ಮುಗಿಯುವ ತನಕ ರೀಸ್ಟಾರ್ಟ್ ಇಲ್ಲ. ಫಾರ್ಮ್ಯಾಟ್ ಮಾಡಿದ್ದಕ್ಕೂ ಇದಕ್ಕೂ ಏನೂ ಸಂಬಂಧ ಇರಲಿಲ್ಲ ಎಂದು ಪ್ರತ್ಯೇಕ ಹೇಳಬೇಕಿಲ್ಲ.

ಜುಲೈ ಬಂತು. ನಮ್ಮ ಕಡೆಯ ಜುಲೈ ನಿಮಗೆ ಗೊತ್ತು. ಲೆಡ್ಜರ್ ಬುಕ್ಕಿನ ರಟ್ಟಿನ ಮೇಲೆ ಬೂಷ್ಟು, ಒಣಗದ ಬಟ್ಟೆ, ಸೂರ್ಯನ ಮುಖ ಕಾಣದ ವಾರಗಳು. ಕಂಪ್ಯೂಟರ್ ಮತ್ತೆ ರೀಸ್ಟಾರ್ಟ್ ಆಗತೊಡಗಿತು. ಪಲ್ಪರ್ ಮನೆಗೆ ಬೀಗ ಹಾಕಿತ್ತು, ಯುಪಿಎಸ್ ಸದ್ದೇ ಮಾಡಲಿಲ್ಲ. ಹಾಗಾಗಿ ಇದು ಬೇರೆ ಕಾಯಿಲೆ ಎಂದು ಸ್ಪಷ್ಟವಾಯಿತು. ಈ ಸಲ ಗೋಡೆಯನ್ನು ಬಿಟ್ಟು ಒಳಗೆ ನೋಡಬೇಕು.

ವಿಂಡೋಸ್‌ನಲ್ಲಿ ಒಂದು ಸೆಟ್ಟಿಂಗ್ ಇದೆ. ಸಿಸ್ಟಮ್ ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್ಡ್, ಅದರೊಳಗೆ ಸ್ಟಾರ್ಟಪ್ ಅಂಡ್ ರಿಕವರಿ. ಅಲ್ಲಿ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಎಂಬಲ್ಲಿ ಟಿಕ್ ಇರುತ್ತದೆ. ವಿಂಡೋಸ್ ಒಳಗೆ ದೊಡ್ಡ ತಪ್ಪಾದಾಗ ಬರುವ ನೀಲಿ ಸ್ಕ್ರೀನನ್ನು ಓದಲು ಬಿಡದೆ ತಕ್ಷಣ ರೀಸ್ಟಾರ್ಟ್ ಮಾಡಿಸುವುದು ಇದೇ ಟಿಕ್. ತೆಗೆದುಬಿಡಿ. ಆಮೇಲೆ ನೀಲಿ ಸ್ಕ್ರೀನ್ ನಿಂತುಕೊಳ್ಳುತ್ತದೆ, ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಳ್ಳಬಹುದು. ಟಿಕ್ ತೆಗೆದ ಮೇಲೂ ನೀಲಿ ಬರದೆ ನೇರ ಕಪ್ಪಾಗಿ ರೀಸ್ಟಾರ್ಟ್ ಆದರೆ ಮೊದಲ ಅನುಮಾನ ಕರೆಂಟು, ಎಸ್‌ಎಂಪಿಎಸ್ ಕಡೆಗೆ. ನೀಲಿ ಬಂದರೆ ರ‍್ಯಾಮ್ (ಮೆಮೊರಿ), ಡ್ರೈವರ್ (ಯಂತ್ರದ ಭಾಗಗಳನ್ನು ವಿಂಡೋಸ್‌ಗೆ ಹೊಂದಿಸುವ ಸಾಫ್ಟ್‌ವೇರ್), ಡಿಸ್ಕ್ ಕಡೆಗೆ. ಇದು ನೂರಕ್ಕೆ ನೂರು ಸರಿಯಾಗುವ ಸೂತ್ರವಲ್ಲ, ಆದರೆ ಹುಡುಕುವ ದಾರಿ ಅರ್ಧ ಕಡಿಮೆಯಾಗುತ್ತದೆ. ವಿಂಡೋಸ್ ತನ್ನಲ್ಲಿ ಆದದ್ದನ್ನು ಬರೆದಿಡುವ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂದು ಕಂಡರೆ ಹೆದರಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ ಎಂದು ಮಾತ್ರ ಅದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಅದನ್ನೇ ತೋರಿಸಿ ಎಸ್‌ಎಂಪಿಎಸ್ ಮಾರುವವರೂ ಇದ್ದಾರೆ.

ನಮ್ಮದರಲ್ಲಿ ನೀಲಿ ಸ್ಕ್ರೀನ್ ನಿಂತಿತು. ಕೆಳಗೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದಿತ್ತು. ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ, ಎರಡು ರ‍್ಯಾಮ್ ಕಡ್ಡಿಗಳನ್ನೂ ಹೊರಗೆ ತೆಗೆದೆ. ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಮಂಕು ಕೂತಿತ್ತು. ಮಕ್ಕಳು ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳೀ ರಬ್ಬರಿನಿಂದ ಹಗುರವಾಗಿ ಒರೆಸಿ, ಪುಡಿ ಊದಿ, ಎರಡೂ ಕಡೆಯ ಕ್ಲಿಪ್ ತಾನಾಗಿ ಕೂರುವ ತನಕ ಒತ್ತಿ ಹಾಕಿದೆ. ಸ್ವಲ್ಪ ಸುಧಾರಿಸಿತು, ಪೂರ್ತಿ ನಿಲ್ಲಲಿಲ್ಲ. ಆಮೇಲೆ ಒಂದೊಂದೇ ಕಡ್ಡಿ ಹಾಕಿ ರಾತ್ರಿಯಿಡೀ ಮೆಮೊರಿ ಟೆಸ್ಟ್ ಓಡಿಸಿದಾಗ ಒಂದರಲ್ಲಿ ತಪ್ಪು ಬಂತು, ಇನ್ನೊಂದರಲ್ಲಿ ಬರಲಿಲ್ಲ. ಈ ಟೆಸ್ಟ್‌ಗೆ ಹಣ ಕೊಡಬೇಕಿಲ್ಲ. ವಿಂಡೋಸ್ ಒಳಗೇ ‘ಮೆಮೊರಿ ಡಯಾಗ್ನೋಸ್ಟಿಕ್’ ಇದೆ. ಅದಕ್ಕೂ ಸಿಕ್ಕದ ತಪ್ಪು ಹಿಡಿಯಲು ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬಹುದು. ಕೆಟ್ಟ ಕಡ್ಡಿ ತೆಗೆದು ಬೇರೆ ಹಾಕಿದೆವು. ಈ ಪತ್ರ ಟೈಪ್ ಮಾಡಿದ್ದು ಅದೇ ಮಷೀನಿನಲ್ಲಿ.

ಮುಚ್ಚಳ ಬಿಚ್ಚಿದ ಮೇಲೆ ಕಣ್ಣಲ್ಲೇ ನೋಡಿ ತಿಳಿಯುವ ಸಂಗತಿಗಳು ಇನ್ನೂ ಇವೆ. ಪ್ರೊಸೆಸರ್ ಮೇಲಿನ ಫ್ಯಾನ್ ತಿರುಗುತ್ತಿದೆಯೇ, ಅದರ ಕೆಳಗಿನ ಅಲ್ಯೂಮಿನಿಯಂ ಸಂದುಗಳಲ್ಲಿ ಧೂಳು ಕಟ್ಟಿದೆಯೇ, ಬೋರ್ಡಿಗೆ ಚುಚ್ಚುವ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಎದ್ದು ಬಂದಿದೆಯೇ ನೋಡಿ. ಕಾಲು ಎದ್ದರೆ ಫ್ಯಾನ್ ಎಷ್ಟು ತಿರುಗಿದರೂ ಪ್ರೊಸೆಸರ್ ಬಿಸಿ ಇಳಿಯುವುದಿಲ್ಲ. ಬೋರ್ಡಿನ ಮೇಲೆ ನಿಂತಿರುವ ಸಣ್ಣ ಉರುಟು ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಅಂಟು ಒಸರಿದ್ದರೆ ಅದು ಹೋಗಿದೆ. ಮಲೆನಾಡಿನಲ್ಲಿ ಇವುಗಳ ಜೊತೆಗೆ ಇರುವೆ, ಹಲ್ಲಿ, ಕುಂಬಾರ ಹುಳ. ಎಸ್‌ಎಂಪಿಎಸ್ ಫ್ಯಾನಿನ ಜಾಲರಿಗೆ ಕುಂಬಾರ ಹುಳ ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿ, ಫ್ಯಾನೇ ತಿರುಗದಂತೆ ಮಾಡಿದ್ದನ್ನು ಪಕ್ಕದ ತೋಟದಲ್ಲಿ ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಯಾವ ಆ್ಯಂಟಿವೈರಸ್ ಇದೆಯೋ! ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್ ದಾಟಿದ ಚಾರ್ಜ್ ಸ್ವಲ್ಪ ಹೊತ್ತು ಉಳಿದಿರಬಹುದು.

ಫಾರ್ಮ್ಯಾಟ್ ಯಾವಾಗಲೂ ತಪ್ಪು ಎಂಬ ವಾದ ನನ್ನದಲ್ಲ. ಡ್ರೈವರ್ ಕೆಟ್ಟಿದ್ದರೆ, ವಿಂಡೋಸ್ ಫೈಲುಗಳೇ ಹಾಳಾಗಿದ್ದರೆ ಅದೂ ಒಂದು ದಾರಿ. ಆದರೆ ಅದು ಕೊನೆಯ ದಾರಿ ಆಗಬೇಕು. ಗಿರಾಕಿಯ ಫೈಲು ತೆಗೆದಿಟ್ಟು, ಅವರಿಗೆ ತೋರಿಸಿ, ಒಪ್ಪಿಗೆ ಪಡೆದು ಮಾಡಬೇಕು. ನಮ್ಮಲ್ಲಿ ಅದೇ ಮೊದಲ ದಾರಿಯಾಗಿದೆ, ಯಾಕೆಂದರೆ ಅದು ಸುಲಭ. ಮಷೀನನ್ನು ಹಾಕಿಟ್ಟು ಬೇರೆ ಗಿರಾಕಿಯನ್ನು ನೋಡಬಹುದು. ಕಾರಣ ಹುಡುಕಲು ಕೂತರೆ ಹೊತ್ತು ಹೋಗುತ್ತದೆ, ಹೊತ್ತಿಗೆ ಹಣ ಕೊಡಲು ನಾವೂ ಚೌಕಾಸಿ ಮಾಡುತ್ತೇವೆ. ಅಂಗಡಿ ಹುಡುಗರ ಕಷ್ಟವೂ ನನಗೆ ಗೊತ್ತು. ಹುಡುಕಿದ್ದಕ್ಕೇ ಇಷ್ಟು ಎಂದು ಬೇರೆ ರೇಟು ಹಾಕಲಿ, ಕೊಡೋಣ.

ಇತ್ತೀಚೆಗೆ ಇನ್ನೊಂದು ನೆಪ ಸೇರಿದೆ. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಜ. ಹಳೇ ಮಷೀನುಗಳ ಸುರಕ್ಷತೆ ಬಗ್ಗೆ ಯೋಚಿಸಬೇಕಾದ್ದೂ ನಿಜ. ಆದರೆ ‘ಅದು ನಿಂತುಹೋಗಿದೆ ಸರ್, ಅದಕ್ಕೇ ರೀಸ್ಟಾರ್ಟ್ ಆಗ್ತಿದೆ’ ಎನ್ನುವುದು ಶುದ್ಧ ಸುಳ್ಳು. ಬೆಂಬಲ ನಿಂತರೆ ಅಪ್‌ಡೇಟ್ ಬರುವುದಿಲ್ಲ, ಅಷ್ಟೇ. ಅಪ್‌ಡೇಟ್ ಹಾಕಿಕೊಳ್ಳಲು ವಿಂಡೋಸ್ ತಾನಾಗಿ ರೀಸ್ಟಾರ್ಟ್ ಆಗುವುದು ಬೇರೆ ವಿಷಯ. ಅದಕ್ಕೆ ಮೊದಲು ಸೂಚನೆ ಬರುತ್ತದೆ, ‘ಆಕ್ಟಿವ್ ಅವರ್ಸ್’ನಲ್ಲಿ ಕೆಲಸದ ಹೊತ್ತು ತುಂಬಿದರೆ ಆ ಹೊತ್ತಿನಲ್ಲಿ ತೊಂದರೆ ಕೊಡುವುದಿಲ್ಲ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ರಿಪೇರಿಗೆ ಕೊಟ್ಟಾಗ ಬಿಲ್ಲು ಕೇಳಿ. ಏನು ಕೆಟ್ಟಿತ್ತು, ಏನು ಬದಲಾಯಿಸಿದರು ಎಂದು ಅದರಲ್ಲಿ ಬರೆಸಿ. ಬದಲಾಯಿಸಿದ ಹಳೇ ಭಾಗ ವಾಪಸ್ ಕೇಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಕೊಟ್ಟ ಸೇವೆಗೆ ಬಿಲ್ಲು ಅಥವಾ ರಸೀದಿ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿದೆ. ಕೊಡಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ‘ಸರ್ವೀಸ್ ಚಾರ್ಜ್’ ಎಂದು ಒಂದೇ ಸಾಲು ಬರೆದ ಚೀಟಿಯಿಂದ ನಾಳೆ ಯಾರಿಗೂ ಏನೂ ತಿಳಿಯುವುದಿಲ್ಲ.

ನಮ್ಮ ಸುತ್ತಮುತ್ತ ಕೆಲವು ಶಾಲೆಗಳಲ್ಲಿ, ಸಂಘಗಳಲ್ಲಿ ‘ರೀಸ್ಟಾರ್ಟ್ ಆಗುತ್ತೆ, ಕೆಟ್ಟಿದೆ’ ಎಂದು ಬಟ್ಟೆ ಮುಚ್ಚಿಟ್ಟ ಕಂಪ್ಯೂಟರ್‌ಗಳಿವೆ. ಎಲ್ಲವೂ ಸರಿ ಹೋಗುತ್ತವೆ ಎಂದು ಹೇಳಲಾರೆ. ಗುಜರಿಗೆ ಹಾಕುವ ಮೊದಲು ಅವನ್ನು ಬೇರೆ ಕಟ್ಟಡದ ಒಳ್ಳೆಯ ಸಾಕೆಟ್‌ಗೆ ಹಾಕಿ ಒಂದು ದಿನ ಓಡಿಸಿ ನೋಡಲಿ. ಅಲ್ಲಿ ಸುಮ್ಮನಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್, ನ್ಯೂಟ್ರಲ್, ಯುಪಿಎಸ್ ಬ್ಯಾಟರಿ ಮೂರನ್ನೂ ನೋಡಿಸಲಿ. ಆಲ್ದೂರು ಆಸುಪಾಸಿನವರಾದರೆ ನಮ್ಮ ಎಲೆಕ್ಟ್ರಿಷಿಯನ್ ಜೊತೆ ನಾನೂ ಬರಲು ತಯಾರಿದ್ದೇನೆ. ಹಣ ಬೇಡ, ಬೈಕಿನ ಪೆಟ್ರೋಲು ಕೊಟ್ಟರೆ ಸಾಕು. ಬಟವಾಡೆ ದಿನ ಮತ್ತು ಕೊಯ್ಲಿನ ತಿಂಗಳು ಮಾತ್ರ ಕರೆಯಬೇಡಿ.

ಪತ್ರ ಉದ್ದವಾಗಿದೆ. ಕತ್ತರಿ ಹಾಕುವುದಾದರೆ ಅಂಗಡಿಯವರ ಮೇಲಿನ ಸಿಟ್ಟಿಗೆ ಹಾಕಿ. ಯುಪಿಎಸ್ ಪರೀಕ್ಷೆ ಮತ್ತು ಅರ್ಥಿಂಗ್ ವಿಷಯ ದಯವಿಟ್ಟು ಹಾಗೇ ಬಿಡಿ.

ಇಂತಿ ನಿಮ್ಮ ಓದುಗ,
ತೋಟದ ರೈಟರ್
ಆಲ್ದೂರು ಹೋಬಳಿ, ಚಿಕ್ಕಮಗಳೂರು ತಾಲ್ಲೂಕು